ಆಲ್ಬನಿಯ ಮದುಮಗಳು

ಆ ವರ್ಷ ನ್ಯೂಯಾರ್ಕಿನ ಹೆಂಗಸರು ಹೇಳಿದ ಮದುವೆಗಳೆಲ್ಲ ನಿಜವಾಗಿ ನಡೆದಿದ್ದರೆ, ಅಷ್ಟು ಹುಡುಗಿಯರಿಗೆ ಗಂಡು ಒದಗಿಸುವುದು ಇಡೀ ದೇಶದಿಂದಲೂ ಆಗುತ್ತಿರಲಿಲ್ಲ. ಮದುಮಗಳು ಯಾವಾಗಲೂ ಪರವೂರಿನವಳು. ಒಬ್ಬಳು ಬಫಲೋದಲ್ಲಿ, ಒಬ್ಬಳು ಟ್ರಾಯ್‌ನಲ್ಲಿ, ಇನ್ನೊಬ್ಬಳು ಯಾರೂ ಹೋಗಿ ವಿಚಾರಿಸಲಾಗದಷ್ಟು ದೂರದಲ್ಲಿ. ಅವರ ಚಿಕ್ಕಮ್ಮಂದಿರು, ಅತ್ತೆಯರು ಮಾತ್ರ ದಿನಾ ಬೆಳಗ್ಗೆ ಹನ್ನೊಂದಕ್ಕೆ ಸರಿಯಾಗಿ ಆರನೇ ಅವೆನ್ಯೂವಿನ ನಮ್ಮ ಲಡ್ಲಮ್ ಅಂಗಡಿಗೆ ಬಂದು, ರೇಷ್ಮೆಯ ಕೌಂಟರಿನ ಮುಂದೆ ಕೂತು, ಹದಿನೈದು ಥಾನು ಬಟ್ಟೆ ಬಿಚ್ಚಿಸಿ, ಕೊನೆಗೆ ಒಂದೇ ಮಾತು ಹೇಳುತ್ತಿದ್ದರು.

"ಎಲ್ಲಾದರಲ್ಲೂ ಒಂದೊಂದು ಚೂರು ಕತ್ತರ್ಸಿ ಕೊಡಿ. ಹುಡುಗಿಗೆ ಕಳಿಸ್ತೀನಿ, ಅವಳೇ ಆರಿಸ್ಲಿ."

ಯಾವ ಹುಡುಗಿಯೂ ಇರಲಿಲ್ಲ. ಇದ್ದದ್ದು ಕೌದಿ. ಹುಚ್ಚು ಕೌದಿ ಅಂತಲೇ ಅದರ ಹೆಸರು. ರೇಷ್ಮೆ, ಮಖಮಲ್ಲು, ಸ್ಯಾಟಿನ್ ಚೂರುಗಳನ್ನು ಅಳತೆಯಿಲ್ಲದೆ, ಅಂದಾಜಿಲ್ಲದೆ ಅಡ್ಡಾದಿಡ್ಡಿ ಸೇರಿಸಿ, ಸಂದುಸಂದಿಗೂ ಬಣ್ಣದ ದಾರದಲ್ಲಿ ಕಸೂತಿ ಹಾಕಿ, ನಡುವೆ ಒಂದು ಗೂಬೆಯನ್ನೋ ಬೀಸಣಿಗೆಯನ್ನೋ ಕೂರಿಸಿದರೆ ಮುಗಿಯಿತು. ಹಾಸಿ ಮಲಗಿದರೆ ಕಸೂತಿ ಕಿತ್ತುಬರುತ್ತದೆ, ಹೊದ್ದರೆ ಚಳಿ ಹೋಗುವುದಿಲ್ಲ. ನೆಂಟರು ಬಂದು ಕೂರುವ ಕೋಣೆಯಲ್ಲಿ ಸೋಫಾದ ಮೇಲೆ ಹರಡಿ, "ಅಯ್ಯೋ, ಅದರ ಮೇಲೆ ಕೂರಬೇಡಿ" ಎನ್ನಲು ಮಾತ್ರ ಅದು ಬೇಕು. ಅದಿಲ್ಲದ ಮನೆಯನ್ನು ಆಗ ಮನೆ ಎನ್ನುತ್ತಿರಲಿಲ್ಲ. ಒಂದೊಂದು ಕೌದಿಗೂ ನೂರೈವತ್ತು ಚೂರು ಬೇಕು. ಅಷ್ಟು ಬಗೆಯ ರೇಷ್ಮೆಯನ್ನು ದುಡ್ಡು ಕೊಟ್ಟು ಕೊಳ್ಳುವಷ್ಟು ಹುಚ್ಚು ಯಾರಿಗೂ ಹಿಡಿದಿರಲಿಲ್ಲ.

ನಾನು ಕೆಜಿಯಾ ಟ್ರಂಬಲ್. ಆ ಕೌಂಟರಿನ ಹಿಂದೆ ಹದಿನೆಂಟು ವರ್ಷ ನಿಂತವಳು. ಅಂಗಡಿಯಲ್ಲಿ ನನ್ನನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ, ಬಿಲ್ಲೆಯ ಮೇಲೆ ಹತ್ತೊಂಬತ್ತು. ಬೆರಳಿಗೆ ತಾಗಿದ ಮಾತ್ರಕ್ಕೆ ಯಾವ ರೇಷ್ಮೆ ಯಾವ ಊರಿನ ಮಗ್ಗದ್ದು ಎಂದು ಹೇಳಬಲ್ಲೆ. ಹೊಲಿಗೆ ಮಾತ್ರ ಹತ್ತಿರ ಸುಳಿಯಲಿಲ್ಲ. ಸೂಜಿ ಹಿಡಿದರೆ ನನಗೂ ಬಟ್ಟೆಗೂ ಇಬ್ಬರಿಗೂ ಗಾಯ. ನನ್ನ ಕಪ್ಪು ಉಡುಪಿನ ತೋಳಿನ ಗುಂಡಿಯನ್ನು ನಾನೇ ಹಾಕಿಕೊಂಡಿದ್ದೆ, ನೀಲಿ ದಾರದಲ್ಲಿ. ಅದನ್ನು ನೋಡಿ ಪಕ್ಕದ ಕೈಗವುಸು ಕೌಂಟರಿನ ಹುಡುಗಿಯರು ಒಂದು ವಾರ ನಕ್ಕರು.

ನನಗೆ ನಲವತ್ತೊಂದು ತುಂಬಿತ್ತು. ಪ್ರತಿ ವರ್ಷ ಜೂನ್ ಒಂದಕ್ಕೆ, ವ್ಯಾಪಾರ ತಣ್ಣಗಾಗುವ ಹೊತ್ತಿಗೆ, ರೇಷ್ಮೆ ವಿಭಾಗದಿಂದ ಇಬ್ಬರನ್ನು ಮನೆಗೆ ಕಳಿಸುವುದು ಪದ್ಧತಿ. ಇಪ್ಪತ್ತು ವರ್ಷದವಳು ಎದುರಿನ ಅಂಗಡಿಗೆ ಹೋಗಿ ನಿಲ್ಲುತ್ತಾಳೆ. ನಲವತ್ತು ದಾಟಿದವಳನ್ನು ಎದುರಿನ ಅಂಗಡಿ ಗಿರಾಕಿಯಾಗಿ ಬೇಕಾದರೆ ಒಳಗೆ ಬಿಡುತ್ತದೆ, ಕೆಲಸಕ್ಕಲ್ಲ. ಆದ್ದರಿಂದ ಜೂನ್ ಒಂದು ಅಂದರೆ ನನಗೆ ಹೆದರಿಕೆ. ಅದನ್ನು ಮುಚ್ಚಿಡುವುದಿಲ್ಲ.

ಮಾಲೀಕರು ಮಿಸ್ಟರ್ ಲಡ್ಲಮ್ ನಿಯಮ ಬರೆಯುವುದರಲ್ಲಿ ಸುಖ ಕಾಣುವ ಮನುಷ್ಯ. ಮೆಟ್ಟಿಲು ಹತ್ತುವುದಕ್ಕೊಂದು, ಇಳಿಯುವುದಕ್ಕೊಂದು, ಗಿರಾಕಿಯ ಮುಂದೆ ಕೆಮ್ಮಬಾರದೆಂದು ಒಂದು. ಕೌದಿಯ ಪಿಡುಗನ್ನು ಕಂಡು ಜನವರಿಯಲ್ಲಿ ಹೊಸದೊಂದನ್ನು ಹೊರಡಿಸಿದರು. ಕತ್ತರಿಸಿ ಕೊಡುವ ಪ್ರತಿ ತುಂಡಿನ ಹಿಂದೆ ಒಂದು ಸಣ್ಣ ಚೀಟಿ ಅಂಟಿಸಬೇಕು. ಚೀಟಿಯ ಮೇಲೆ ಅಂಗಡಿಯ ಮುದ್ರೆ, ಕತ್ತರಿಸಿ ಕೊಟ್ಟವರ ನಂಬರು. ಕೆಳಗೆ ಮಾಲೀಕರದೇ ಮಾತು: "ಈ ಚೀಟಿಯು ಮಾರಾಟದೊಂದಿಗೆ ಮರಳಿ ಬರತಕ್ಕದ್ದು." ಹುಡುಗಿ ನಿಜವಾಗಿ ಇದ್ದರೆ ಚೀಟಿ ಹಿಡಿದುಕೊಂಡು ಬಟ್ಟೆ ಕೊಳ್ಳಲು ಬರುತ್ತಾಳೆ. ಯಾರ ಚೀಟಿಗಳು ಹೆಚ್ಚು ಮರಳದೆ ಉಳಿಯುತ್ತವೋ, ಜೂನ್ ಒಂದಕ್ಕೆ ಆ ಇಬ್ಬರು ಹೊರಗೆ.

ಉಳಿದವರು ಅವತ್ತಿನಿಂದಲೇ ಕತ್ತರಿ ಬಚ್ಚಿಟ್ಟರು. "ಕತ್ತರಿ ಸಾಣೆಗೆ ಹೋಗಿದೆ ಮೇಡಂ" ಅನ್ನುವುದು ರೂಢಿಯಾಯಿತು. ನಾನೂ ಬಚ್ಚಿಡುತ್ತಿದ್ದೆ. ಮಂಗಳವಾರ ಮಾತ್ರ ಆಗುತ್ತಿರಲಿಲ್ಲ.

ಮಂಗಳವಾರ ಮಿಸೆಸ್ ವ್ಯಾನ್ ಟೈಲ್ ಬರುತ್ತಿದ್ದರು. ಹತ್ತನೇ ಬೀದಿಯ ಹಳೆಯ ಮನೆತನ, ಅರವತ್ತರ ಹತ್ತಿರದ ವಿಧವೆ, ನೆಟ್ಟಗಿನ ಬೆನ್ನು. ಬೂದು ಬಣ್ಣದ ಒಂದೇ ಜೊತೆ ಕೈಗವುಸು. ಅವರ ಅಣ್ಣನ ಮಗಳು ಆಲ್ಬನಿಯಲ್ಲಿದ್ದಳು. ಅಂಗಡಿಯವರೆಲ್ಲ ಅವರಿಗೆ "ಆಲ್ಬನಿ" ಅಂತಲೇ ಹೆಸರಿಟ್ಟಿದ್ದರು.

"ಬಂತು ನೋಡಿ ನಿಮ್ಮ ಆಲ್ಬನಿ" ಎನ್ನುತ್ತಿದ್ದರು ಹಜಾರದ ಮೇಲ್ವಿಚಾರಕ ಮಿಸ್ಟರ್ ಪೀಬಲ್ಸ್, ಮೀಸೆಯ ಮರೆಯಲ್ಲೇ. "ಆ ಮದುವೆ ನೆನೆಸ್ಕೊಂಡ್ರೆ ನನಗೆ ಅಳು ಬರುತ್ತೆ. ಹುಡುಗ ಕಾದು ಕಾದು ಮುದುಕ ಆಗಿರ್ಬೇಕು."

ಆಮೇಲೆ ಅದೇ ಮೀಸೆಯನ್ನು ನೇವರಿಸಿಕೊಂಡು, ಬಾಗಿ, ಮಿಸೆಸ್ ವ್ಯಾನ್ ಟೈಲ್‌ರಿಗೆ ಕುರ್ಚಿ ಎಳೆದು ಕೊಡುತ್ತಿದ್ದರು. ಹಳೆಯ ಮನೆತನಕ್ಕೆ ಕುರ್ಚಿ ಎಳೆಯದೆ ಇರಲು ಅವರ ಕೈಗೂ ಬರುತ್ತಿರಲಿಲ್ಲ.

"ನಮಸ್ಕಾರ, ಮಿಸ್ ಟ್ರಂಬಲ್" ಎನ್ನುತ್ತಿದ್ದರು ಆಕೆ.

ಇಡೀ ವಾರದಲ್ಲಿ ನನ್ನ ಹೆಸರು ನನ್ನ ಕಿವಿಗೆ ಬೀಳುತ್ತಿದ್ದದ್ದು ಆಗೊಂದೇ ಸಲ. ಅದಕ್ಕೇ ಮರುಳಾದೆ ಎಂದರೆ ತಪ್ಪಲ್ಲ. ಇನ್ನೊಂದು ಕಾರಣವೂ ಇತ್ತು. ಉಳಿದ ಹೆಂಗಸರು ಬಣ್ಣ ನೋಡುತ್ತಿದ್ದರು, ಆಕೆ ರೇಷ್ಮೆ ನೋಡುತ್ತಿದ್ದರು. ಗವುಸು ಕಳಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಅಂಚು ಹಿಡಿದು, "ಇದು ತೂಕಕ್ಕೆ ಏನೋ ಬೆರೆಸಿದ್ದು, ಎರಡು ಚಳಿಗಾಲಕ್ಕೆ ಸೀಳುತ್ತೆ, ಅಲ್ವಾ?" ಎಂದು ಮೆಲ್ಲಗೆ ಕೇಳುವರು. ಹೌದು, ಸೀಳುತ್ತಿತ್ತು. ಅದು ನನಗೆ ಗೊತ್ತಿತ್ತು, ಆಕೆಗೆ ಗೊತ್ತಿತ್ತು. ಮಾಲೀಕರಿಗೆ ಗೊತ್ತಿರಲಿಲ್ಲ.

"ಆಲ್ಬನಿಯಿಂದ ಏನಾದ್ರೂ ಸುದ್ದಿ ಬಂತಾ ಮೇಡಂ?"

"ಇನ್ನೂ ಮನಸ್ಸು ಮಾಡಿಲ್ಲ ಅವಳು. ಈಗಿನ ಹುಡುಗೀರು ಗೊತ್ತಲ್ಲ, ಮಿಸ್ ಟ್ರಂಬಲ್. ಆ ನವಿಲು ನೀಲಿ ಒಂದು ಸ್ವಲ್ಪ ಇಳಿಸ್ತೀರಾ?"

ಇಳಿಸುತ್ತಿದ್ದೆ. ನಿಯಮದ ಪ್ರಕಾರ ಮೂರು ಅಂಗುಲ ಕತ್ತರಿಸಿ, ಹತ್ತೊಂಬತ್ತು ಎಂದು ಬರೆದ ಚೀಟಿ ಅಂಟಿಸಿ ಕೊಡುತ್ತಿದ್ದೆ. ಸಲಕ್ಕೆ ಎಂಟೋ ಒಂಬತ್ತೋ. ಎಲ್ಲರ ಹಾಗೆ ಈಕೆಯೂ ತನ್ನ ಸೋಫಾಕ್ಕೆ ಕೌದಿ ಹೊಲಿಯುತ್ತಿದ್ದಾರೆ, ಹೊಲಿಯಲಿ, ಎಂದುಕೊಂಡಿದ್ದೆ. ಏಪ್ರಿಲ್ ಮುಗಿಯುವ ಹೊತ್ತಿಗೆ ನನ್ನ ನೂರೈವತ್ತಕ್ಕೂ ಹೆಚ್ಚು ಚೀಟಿಗಳು ಹೊರಗಿದ್ದವು. ಮರಳಿದ್ದು ಏಳು. ಪೀಬಲ್ಸ್ ತಮ್ಮ ಪಟ್ಟಿಯಲ್ಲಿ ನನ್ನ ನಂಬರನ್ನು ಎಲ್ಲರಿಗಿಂತ ಕೆಳಗೆ ಬರೆದು, ನನಗೆ ಕಾಣುವ ಹಾಗೆ ಅಡಿಗೆರೆಯನ್ನೂ ಎಳೆದರು.

ಮೇ ತಿಂಗಳ ಎರಡನೇ ಶುಕ್ರವಾರ ಮೇಲಿನ ಆಫೀಸಿನಿಂದ ಕರೆ ಬಂತು.

ಹೋಗಿ ನೋಡಿದರೆ ಮಿಸ್ಟರ್ ಲಡ್ಲಮ್ ಮೇಜಿನ ಮೇಲೆ ಒಂದು ಹುಚ್ಚು ಕೌದಿ ಹರಡಿತ್ತು. ಮೂರಡಿ ಚೌಕ ಇರಬಹುದು. ಒಂದು ಅಂಚಿನ ಅಸ್ತರನ್ನು ಚಾಕುವಿನಿಂದ ಸೀಳಿ ಮಗುಚಿಟ್ಟಿದ್ದರು. ಒಳಗೆ ಸಾಲುಸಾಲಾಗಿ ಬಿಳಿ ಚೀಟಿಗಳು. ಒಂದೊಂದರ ಮೇಲೂ ಹತ್ತೊಂಬತ್ತು, ಹತ್ತೊಂಬತ್ತು, ಹತ್ತೊಂಬತ್ತು. ಪೀಬಲ್ಸ್ ಗೋಡೆಗೆ ಒರಗದೆ, ಒರಗಿದಷ್ಟೇ ಆರಾಮವಾಗಿ ನಿಂತಿದ್ದರು.

"ಹತ್ತೊಂಬತ್ತು, ಇದೇನು?" ಎಂದರು ಮಾಲೀಕರು.

"ಕೌದಿ ಸರ್."

"ರೇಷ್ಮೆ ಯಾರ್ದು?"

"ನಮ್ಮ ಅಂಗಡೀದೇ ಸರ್."

"ಚೀಟಿ ಯಾರ್ದು?"

"ನನ್ನದೇ ಸರ್."

"ಹಂಗಾದ್ರೆ ಹೊಲ್ದಿದ್ದು ಯಾರು ಅಂತ ನಾನೇ ಹೇಳ್ಬೇಕಾ?"

ನಡೆದದ್ದು ಇಷ್ಟು. ಮಿಸೆಸ್ ಲಡ್ಲಮ್ ಈ ಕೌದಿಯನ್ನು ಹಿಂದಿನ ವಾರ ಹೆಂಗಸರ ಕೈಗೆಲಸದ ಮಳಿಗೆಯಲ್ಲಿ ಕೊಂಡಿದ್ದರು. ಕೈ ಬರಿದಾದ ದೊಡ್ಡ ಮನೆತನದ ಹೆಂಗಸರು ತಮ್ಮ ಹೊಲಿಗೆಯನ್ನೋ ಉಪ್ಪಿನಕಾಯಿಯನ್ನೋ ಕೇಕನ್ನೋ ಹಿಂಬಾಗಿಲಿನಿಂದ ತಂದು ಕೊಡುತ್ತಾರೆ, ಕೈ ತುಂಬಿದ ಹೆಂಗಸರು ಮುಂಬಾಗಿಲಿನಿಂದ ಬಂದು ಕೊಳ್ಳುತ್ತಾರೆ. ಮಾಡಿದವರ ಹೆಸರು ಅಲ್ಲಿ ಯಾರೂ ಹೇಳುವುದಿಲ್ಲ, ನಂಬರು ಮಾತ್ರ. ಈ ಕೌದಿಯದು ಮುನ್ನೂರ ನಲವತ್ತು. ಗುರುವಾರ ಸಂಜೆ ಊಟವಾದ ಮೇಲೆ ಮಿಸ್ಟರ್ ಲಡ್ಲಮ್ ಮರೆತು ಅದರ ಮೇಲೆ ಕೂತರು. ಒಳಗೆ ಕಾಗದದ ಪರಪರ ಸದ್ದಾಯಿತು. ಯಾರೋ ಮುದುಕಿ ನೋಟು ಇಟ್ಟು ಹೊಲಿದು ಮರೆತಿರಬೇಕೆಂದು ಅವರಿಗೆ ಆಸೆ ಹುಟ್ಟಿತು. ಹೆಂಡತಿ ಆಚೆ ಹೋದದ್ದೇ ತಡ, ಪೆನ್ಸಿಲು ಹೆರೆಯುವ ಚಾಕು ತೆಗೆದರು.

"ಅಂಗಡಿ ರೇಷ್ಮೆ ಕತ್ತರ್ಸಿ, ಮನೇಲಿ ಕೂತ್ಕೊಂಡು ಕೌದಿ ಹೊಲ್ದು, ಕೊನೇಗೆ ನನ್ನ ಹೆಂಡ್ತಿಗೇ ಮಾರಿದ್ದೀಯಲ್ಲ! ಅಬ್ಬಾ ಧೈರ್ಯವೇ!" ಅವರ ಕಿವಿ ಕೆಂಪಾಗಿತ್ತು. "ಮುನ್ನೂರ ನಲ್ವತ್ತು ನೀನೇ. ಒಪ್ಕೊ. ಇದು ಕಳ್ಳತನ. ಪೊಲೀಸರ ತನಕ ಹೋಗೋ ವಿಷಯ."

ನನ್ನ ಕಣ್ಣು ಕೌದಿಯ ಮೇಲಿತ್ತು. ಸಂದುಗಳ ಮೇಲೆ ಗರಿಯ ಹಾಗೆ ಹೋಗುವ ಕಸೂತಿ, ಪ್ರತಿ ಮೂರನೇ ಎಳೆ ಸ್ವಲ್ಪ ಬಲಕ್ಕೆ ವಾಲಿದ್ದು. ಆ ವಾಲು ನನಗೆ ಪರಿಚಿತ. ಬೂದು ಕೈಗವುಸಿನ ಹರಿದ ಬೆರಳ ತುದಿಗಳ ಮೇಲೆ ಇದೇ ವಾಲಿನ ಸಣ್ಣ ಹೊಲಿಗೆ ಇತ್ತು. ನಾಲ್ಕು ತಿಂಗಳು ಮಂಗಳವಾರ ಮಂಗಳವಾರ ಅದು ನನ್ನ ಕೌಂಟರಿನ ಮೇಲೆ ನನ್ನ ಮುಂದೆಯೇ ಇತ್ತು. ಅಂದರೆ ಸೋಫಾಕ್ಕಲ್ಲ. ಹೊಟ್ಟೆಗೆ. ತೆಳು ರೇಷ್ಮೆ ಬಿಗಿಯಾಗಿ ನಿಲ್ಲಲು ಹಿಂದೆ ಒಂದು ಬಟ್ಟೆ ಬೇಕಲ್ಲ, ಅದಕ್ಕೂ ಖರ್ಚು ಮಾಡಲಾಗದೆ ನಮ್ಮ ಚೀಟಿಗಳನ್ನೇ ಒಳಗೆ ಬಿಟ್ಟು ಹೊಲಿದಿದ್ದರು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮಿಸೆಸ್ ಲಡ್ಲಮ್ ಬಂದರು. ಹ್ಯಾಟಿನ ಮೇಲೆ ಒಂದು ಪೂರ್ತಿ ಹಕ್ಕಿ. ಅದೂ ಸಿಟ್ಟಾಗಿತ್ತು.

"ರೀ! ನನ್ನ ಕೌದಿ ಹೊತ್ಕೊಂಡು ಬಂದಿದ್ದೀರಂತೆ! ಅಯ್ಯೋ, ಇದೇನ್ರೀ ಇದು, ಹೊಟ್ಟೆ ಸೀಳಿದ್ದೀರಿ!"

"ಇವಳೇ ಕಣೇ ಹೊಲ್ದಿದ್ದು. ನಮ್ಮ ಬಟ್ಟೆ ಕದ್ದು ನಮಗೇ ಮಾರಿದ್ದಾಳೆ. ಚೀಟಿ ನೋಡು."

ಆಕೆ ಚೀಟಿ ನೋಡಲಿಲ್ಲ. ನನ್ನನ್ನು ನೋಡಿದರು, ಮುಖವನ್ನಲ್ಲ, ತೋಳನ್ನು. ಹತ್ತಿರ ಬಂದು ನನ್ನ ಗುಂಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇವಳಾ? ಕಪ್ಪು ಬಟ್ಟೆಗೆ ನೀಲಿ ದಾರ ಹಾಕಿದ್ದಾಳೆ. ಇದು ಗುಂಡಿ ಹೊಲ್ದಿರೋದಾ, ಮೊಳೆ ಹೊಡ್ದಿರೋದಾ? ಏನಮ್ಮಾ, ಇದನ್ನ ನೀನೇ ಹಾಕಿದ್ದಾ?"

"ಹೌದು ಮೇಡಂ. ಎರಡು ಸಲ."

"ನೋಡಿದ್ರಾ? ಈ ಕೈ ಆ ಕಸೂತಿ ಹಾಕೋದಾದ್ರೆ ನಾನು ನಾಳೆಯಿಂದ ಹಡಗು ನಡೆಸ್ತೀನಿ. ನಿಮಗೆ ಕಣ್ಣಿದ್ಯೋ ಇಲ್ವೋ?"

ಹುಟ್ಟಿದಾರಭ್ಯ ನನ್ನ ಹೊಲಿಗೆಯಿಂದ ಆದ ಉಪಕಾರ ಇದೊಂದೇ.

ಮಿಸ್ಟರ್ ಲಡ್ಲಮ್ ಹೆಂಡತಿಯ ಮುಂದೆ ಸೋತದ್ದನ್ನು ನನ್ನ ಮೇಲೆ ತೀರಿಸಿಕೊಳ್ಳಲು ತಿರುಗಿದರು. "ಸರಿ. ಹೊಲ್ದೋಳು ನೀನಲ್ಲ. ಕತ್ತರ್ಸಿ ಕೊಟ್ಟೋಳು ನೀನೇ. ಯಾರಿಗೆ ಕೊಟ್ಟೆ? ಹೆಸ್ರು ಹೇಳು, ಕೆಳಗೆ ಹೋಗಿ ಕೆಲ್ಸ ಮಾಡ್ಕೋ. ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡ."

"ಗೊತ್ತು ಸರ್" ಎಂದೆ. "ಹೇಳಲ್ಲ."

"ಏನಂದೆ?"

"ಹೇಳೋಕೆ ಆಗಲ್ಲ ಸರ್."

"ಹಂಗಾದ್ರೆ ಜೂನ್ ಒಂದರ ತನಕ ಕಾಯೋ ಕಷ್ಟ ನಿನಗೆ ಬೇಡ. ಇವತ್ತೇ ಬಿಲ್ಲೆ ಬಿಚ್ಚಿಡು."

ಧೈರ್ಯದಿಂದ ಹೇಳಿದೆ ಎಂದು ಯಾರೂ ತಿಳಿಯಬಾರದು. ಬಾಡಿಗೆ ಕೋಣೆ, ಅಲ್ಲಿಯ ಒಲೆ, ಮುಂದಿನ ಚಳಿಗಾಲ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಒಂದು ಹೆಸರು ಹೇಳಿದರೆ ಸಾಕಾಗಿತ್ತು. ತಾವು ಕುರ್ಚಿ ಎಳೆದುಕೊಡುವ ಹಳೆಯ ಮನೆತನ ದುಡ್ಡಿಗಾಗಿ ಹೊಲಿಯಬಹುದೆಂದು ಪೀಬಲ್ಸ್‌ಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಆದರೆ ಆ ಹೆಸರು ಪೀಬಲ್ಸ್ ಕಿವಿಗೆ ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ಕೈಗವುಸು ಕೌಂಟರಿಗೆ, ಸಂಜೆಯೊಳಗೆ ಹತ್ತನೇ ಬೀದಿಗೆ ಮುಟ್ಟುತ್ತಿತ್ತು. ಆಮೇಲೆ ಆಕೆಗೆ ಯಾವ ಅಂಗಡಿಯಲ್ಲೂ ಯಾರೂ ಕುರ್ಚಿ ಎಳೆಯುವುದಿಲ್ಲ. ನನ್ನ ಬೆರಳು ಬಿಲ್ಲೆಯ ಪಿನ್ನಿನ ಮೇಲಿತ್ತು. ಆ ಪಿನ್ನು ಬೇಗ ಬಿಚ್ಚಿ ಬರುವಂಥದ್ದಲ್ಲ, ಅದೂ ನಾನೇ ಸಿಕ್ಕಿಸಿಕೊಂಡದ್ದು.

"ತಡಿಯಮ್ಮ" ಎಂದರು ಮಿಸೆಸ್ ಲಡ್ಲಮ್. ಗಂಡನ ಕಡೆ ತಿರುಗಿ ದನಿ ತಗ್ಗಿಸಿದರು. "ನೀವು ಹೆಸ್ರು ಕೇಳೋ ಹಾಗೇ ಇಲ್ಲ ರೀ. ಆ ಮಳಿಗೇಲಿ ಕೊಂಡೋರು ಯಾರೂ ಕೇಳಲ್ಲ. ಆಯಮ್ಮ ನಾಳೆ ನಮ್ಮನೆಗೆ ಟೀಗೆ ಬರೋರಲ್ಲಿ ಒಬ್ಬಳಾಗಿದ್ರೆ? ನಾನು ಯಾವ ಮುಖ ಇಟ್ಕೊಂಡು ಕೇಕ್ ಕೊಡ್ಲಿ? ಲಡ್ಲಮ್ ಹೆಂಡ್ತಿ ಕೇಳಿ ತಿಳ್ಕೊಂಡ್ಲು ಅಂತ ಗೊತ್ತಾದ್ರೆ ನಮ್ಮ ಬೀದೀಲಿ ಒಬ್ರೂ ನಮ್ಮನೆ ಮೆಟ್ಲು ಹತ್ತಲ್ಲ."

ಇದು ಕರುಣೆಯಲ್ಲ, ಮರ್ಯಾದೆಯ ಲೆಕ್ಕಾಚಾರ. ಆದರೂ ಅವತ್ತು ನನಗೆ ಅದು ಸಾಕಾಯಿತು.

"ಹೆಸ್ರು ಬೇಡ ಅಂದ್ರೆ ಬೇಡ" ಎಂದರು ಮಾಲೀಕರು, ಬಿಡದೆ. "ನಿಯಮ ಇದ್ಯಲ್ಲ? ಇವಳ ನೂರ ನಲವತ್ಮೂರು ಚೀಟಿ ಇದರೊಳಗೇ ಇದೆ. ಒಂದಾದ್ರೂ ಅಂಗಡಿಗೆ ವಾಪಸ್ ಬಂತಾ?"

ಆಗ ನನಗೆ ಬಾಯಿ ಬಂತು. ಎಲ್ಲಿಂದ ಬಂತೋ ದೇವರಿಗೇ ಗೊತ್ತು.

"ಬಂದಿದೆ ಸರ್."

"ಎಲ್ಲಿ?"

"ನಿಮ್ಮ ಮೇಜಿನ ಮೇಲಿದೆ. ನೂರ ನಲವತ್ಮೂರೂ ಬಂದಿದೆ. ಮಾರಾಟದೊಂದಿಗೇ ಬಂದಿದೆ. ದುಡ್ಡು ಕೊಟ್ಟು ತಂದೋರು ಮೇಡಂ."

ಮಿಸ್ಟರ್ ಲಡ್ಲಮ್ ಒಂದು ಚೀಟಿ ಕಿತ್ತು ತಮ್ಮದೇ ವಾಕ್ಯವನ್ನು ಓದಿಕೊಂಡರು. ಆಮೇಲೆ ಪೀಬಲ್ಸ್ ಮುಖ ನೋಡಿದರು. ಪೀಬಲ್ಸ್‌ಗೆ ನನ್ನ ಮೇಲೆ ಪ್ರೀತಿಯೇನೂ ಇರಲಿಲ್ಲ, ನಿಯಮದ ಮೇಲೆ ಇತ್ತು.

"ಯಾವ ಅಂಗಡೀಲಿ ಮಾರಾಟ ಆಗ್ಬೇಕು ಅಂತ ಇದರಲ್ಲಿ ಬರ್ದಿಲ್ಲ ಸರ್" ಎಂದರು ಗಂಭೀರವಾಗಿ. "ಚೀಟಿ ಪ್ರಕಾರ ನೋಡಿದ್ರೆ ಈ ವರ್ಷ ಹತ್ತೊಂಬತ್ತನೇ ನಂಬರಿನಷ್ಟು ವಾಪಸ್ ತಂದೋರು ಇನ್ನೊಬ್ರಿಲ್ಲ."

ಮಿಸೆಸ್ ಲಡ್ಲಮ್ ಕುರ್ಚಿಯ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಹ್ಯಾಟಿನ ಹಕ್ಕಿ ಕುಣಿಯಿತು. ನಕ್ಕು ಮುಗಿದ ಮೇಲೆ ಕೌದಿಯ ಮೇಲೆ ಬೆರಳಿಟ್ಟು, "ಈ ನವಿಲು ನೀಲಿ ಇನ್ನೂ ಇದ್ಯಾ? ಮೊನ್ನೆ ಬಂದೋರಲ್ಲಿ ಮೂರು ಜನ ಕೇಳಿದ್ರು" ಎಂದು ನನ್ನನ್ನು ಕೇಳಿದರು.

"ಇದೆ ಮೇಡಂ. ಕೌಂಟರಿನ ಎರಡನೇ ಸಾಲು, ಎಡಗಡೆ. ಆ ಪಕ್ಕದ ಕಂದು ಮಾತ್ರ ತಗೋಬೇಡಿ, ಎರಡು ಚಳಿಗಾಲಕ್ಕೆ ಸೀಳುತ್ತೆ."

ಮಾಲೀಕರು ಕಣ್ಣು ಮುಚ್ಚಿಕೊಂಡು, "ಕೆಳಗೆ ಹೋಗು" ಎಂದರು.

ಜೂನ್ ಒಂದಕ್ಕೆ ಇಬ್ಬರು ಹೋದರು, ಇಬ್ಬರೂ ಇಪ್ಪತ್ತು ದಾಟದವರು. ವಾರದೊಳಗೆ ಎದುರಿನ ಅಂಗಡಿಯಲ್ಲಿ ನಿಂತಿದ್ದರು. ಚೀಟಿಯನ್ನು ಹೊಸದಾಗಿ ಅಚ್ಚು ಹಾಕಿಸಲಾಯಿತು. "ಮಾರಾಟವು ಇದೇ ಅಂಗಡಿಯಲ್ಲಿ ಆಗಿರತಕ್ಕದ್ದು" ಎಂಬ ಇನ್ನೊಂದು ಸಾಲು ಅದರಲ್ಲಿ ಸೇರಿತು.

ಮೇ ಕೊನೆಯ ಮೂರು ಮಂಗಳವಾರ ಮಿಸೆಸ್ ವ್ಯಾನ್ ಟೈಲ್ ಬರಲಿಲ್ಲ. ಜೂನಿನ ಮೊದಲನೆಯದಕ್ಕೆ ಬಂದರು. ಅದೇ ಬೆನ್ನು, ಅದೇ ಗವುಸು. ಪೀಬಲ್ಸ್ ಕುರ್ಚಿ ಎಳೆದರು.

"ನಮಸ್ಕಾರ, ಮಿಸ್ ಟ್ರಂಬಲ್. ಬೂದು ರಿಬ್ಬನ್ ಒಂದು ಗಜ ಕೊಡಿ. ಮನೆಗೆ ಕಳಿಸೋದು ಬೇಡ, ನಾನೇ ತಗೊಂಡು ಹೋಗ್ತೀನಿ."

ಅವರು ನನ್ನಲ್ಲಿ ಏನಾದರೂ ಕೊಂಡದ್ದು ಅದೇ ಮೊದಲು. ನಾನು ರಿಬ್ಬನ್ ಅಳೆಯುತ್ತ, "ಆಲ್ಬನಿಯಿಂದ ಸುದ್ದಿ ಬಂತಾ ಮೇಡಂ?" ಎಂದೆ.

"ಆಯ್ತು ಮಿಸ್ ಟ್ರಂಬಲ್. ಮದುವೆ ಆಗ್ಹೋಯ್ತು."

"ಒಳ್ಳೇ ಮನೆ ಸಿಕ್ತಾ?"

"ಅನುಕೂಲವಾದ ಮನೆ ಅಂತ ಕೇಳ್ದೆ." ರಿಬ್ಬನ್ನಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು. "ಅವಳಿಗೊಬ್ಬಳು ತಂಗಿ ಇದ್ದಾಳೆ. ಅವಳ ಮದುವೇನೂ ಈಗ ಗೊತ್ತಾಗಿದೆ. ಆ ನೇರಳೆ ಒಂದು ಸ್ವಲ್ಪ ಇಳಿಸ್ತೀರಾ?"

ನೇರಳೆ ಇಳಿಸಿದೆ. ಹೇಳಬೇಕಾದದ್ದನ್ನು ಹೇಗೆ ಹೇಳುವುದೆಂದು ಮೂರು ವಾರ ಯೋಚಿಸಿಟ್ಟುಕೊಂಡಿದ್ದೆ. ಥಾನಿನ ಮೇಲೆ ಬಾಗಿ, ಬಟ್ಟೆಯ ವಿಷಯ ಮಾತಾಡುವ ದನಿಯಲ್ಲೇ ಹೇಳಿದೆ.

"ಒಂದು ಮಾತು ಮೇಡಂ. ಈ ಚೀಟಿ ಅಂಟು ರೇಷ್ಮೆಗೆ ಒಳ್ಳೇದಲ್ಲ. ತಂಗಿಗೆ ಕಳಿಸೋ ಮುಂಚೆ ಚೀಟಿ ಎಲ್ಲ ಬಿಡಿಸಿ ಒಲೆಗೆ ಹಾಕ್ಬಿಡಿ. ಅಕ್ಕನ ಚೀಟಿಗಳನ್ನ ನಮ್ಮ ಮಾಲೀಕರು ನೋಡ್ಬಿಟ್ರು. ಹೆಸರು ಮಾತ್ರ ಅವರಿಗೆ ಸಿಗ್ಲಿಲ್ಲ."

ಆಕೆಯ ಕೈ ನೇರಳೆಯ ಮೇಲೆ ನಿಂತಿತು. ಎದ್ದು ಹೋಗಿಬಿಡುತ್ತಾರೆ, ಇನ್ನು ಯಾವ ಮಂಗಳವಾರವೂ ಬರುವುದಿಲ್ಲ ಎಂದುಕೊಂಡೆ. ಹೇಳಬಾರದಿತ್ತು ಎಂದು ನಾಲಿಗೆ ಕಚ್ಚಿಕೊಂಡೆ. ಆಕೆ ಏಳಲಿಲ್ಲ. ಎಷ್ಟೋ ಹೊತ್ತು ನನ್ನ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ನೋಡಿದರು, ಅದನ್ನು ಇದೇ ಮೊದಲ ಸಲ ಓದುವವರ ಹಾಗೆ. ನಂತರ ಗವುಸು ಕಳಚಿ, ಕೌಂಟರಿನ ಮೇಲಿದ್ದ ನನ್ನ ಕೈಮೇಲೆ ತಮ್ಮ ಬರಿಗೈ ಇಟ್ಟರು.

"ನನ್ನದು ಮುನ್ನೂರ ನಲವತ್ತು, ಮಿಸ್ ಟ್ರಂಬಲ್" ಎಂದರು ಮೆಲ್ಲಗೆ.

ನಾನು ಕತ್ತರಿ ತೆಗೆದುಕೊಂಡೆ. ನಿಯಮದ ಪ್ರಕಾರ ಮೂರು ಅಂಗುಲ. ಐದು ಅಂಗುಲ ಕತ್ತರಿಸಿದೆ.